ಎರಡು ಪಾಲು ಹಳೇ ನೀರು

ಬೆಟಗೇರಿಯೊಳಗ ನಮ್ಮ ಓಣಿಗೆ ನಳ ಬರೂದು
ಒಂಬತ್ತು ದಿನಕ್ಕೊಮ್ಮೆ, ಒಮ್ಮೊಮ್ಮೆ ಹದಿಮೂರು.
ಬಂದಾಗ ರಾತ್ರಿ ಎರಡಾಗಿರತೈತಿ.
ಕೊಡ, ಹಂಡೆ, ಬಣ್ಣದ ಹಳೇ ಬ್ಯಾರಲ್ಲು,
ಅನ್ನದ ಡಬರಿ ಸುದ್ದಾ ತುಂಬಿಸಿ
ಕಡೀ ಸರತಿ ಮೀನಿಂದು:
ಹಿಡಿಕಿ ಮುರಿದ ನೀಲಿ ಬಕೀಟು.

ಅದನ್ನ ಯಾರೂ ಮುಟ್ಟಾಂಗಿಲ್ಲ.
ಎರಡು ದಿನ ಬಾಯಿ ತಕ್ಕೊಂಡು ಅಂಗಳದಾಗ ಕೂಡತೈತಿ
ಔಷಧದ ವಾಸನಿ ಹೋಗೂ ತನಕ.
"ಮನಿಶಾರ ನೀರಿಗೆ ಇಲ್ಲದ ಮಡಿ
ಈ ಹುಳಕ್ಕ," ಅಂತಾರ ಅತ್ತಿ.

ಪೆಟ್ಟಿಗಿ ನಾವು ಕೊಂಡದ್ದಲ್ಲ.
ಸೊಸೈಟಿ ಕಾರಕೂನ ಎಲಿಗಾರ ಅವರಿಗೆ ವರ್ಗಾ ಆಗಿ
ಲಾರಿಯೊಳಗ ಜಾಗ ಸಾಲಲಿಲ್ಲ.
"ಗಾಜಿಂದು, ನೀವ ಇಟ್ಕೋರಿ" ಅಂದ್ರು,
ಎರಡು ಬಂಗಾರ ಮೀನಾ ಸಮೇತ.
ಒಂದೂವರಿ ಫೂಟು. ಒಂದು ಮೂಲ್ಯಾಗ ಮೇಣ ಮೆತ್ತಿದ ಕಲಿ.

ದೀಪಾವಳಿಗೆ ಮನಿ ತೊಳದಂಗ ಅದನ್ನೂ ತೊಳದೆ.
ನೀರು ಪೂರಾ ಚೆಲ್ಲಿ,
ಹಳ್ಳು ಬೂದಿ ಹಚ್ಚಿ ತಿಕ್ಕಿ,
ಆಗಷ್ಟ ಬಂದ ನಳದ ನೀರು ಹಂಗ ಸುರುವಿ.
ಗಾಜು ಎಷ್ಟು ಸ್ವಚ್ಛ ಆತಂದ್ರ
ಒಳಗ ನೀರು ಐತೋ ಇಲ್ಲೋ ತಿಳೀತಿದ್ದಿಲ್ಲ.

ಮುಂಜಾನೆ ಎರಡೂ ಮ್ಯಾಲ.
ಬನಶ್ರೀ ಅಳಲಿಲ್ಲ.
ಗಾಜಿನ ಮ್ಯಾಲೆ ಬಟ್ಟಿಟ್ಟು
ಅವು ದಿನಾ ತಿರುಗೂ ದಾರಿ ಬರದು ತೋರಿಸಿದಳು.

ಮುಳಗುಂದ ನಾಕಾದ ದಾವಲಸಾಬ
ಮೀನಾ ಕೇಳಿದ್ರ ನೀರು ಕೇಳಿದ.
"ಎಷ್ಟು ತಗದ್ರಿ?"
"ಎಲ್ಲಾ."
"ಹಳ್ಳು?"
"ತಿಕ್ಕಿದೆ."
ಚಾದ ಕಪ್ಪು ಕೆಳಗಿಟ್ಟ.
"ಅಕ್ಕಾರ, ಆ ಹಳ್ಳಿನ ಸಂದ್ಯಾಗ
ಕಣ್ಣಿಗೆ ಕಾಣದ ಮಂದಿ ಇರತಾರ,
ಮೀನಿನ ಹೊಲಸು ತಿಂದ ಬದುಕೂವರು.
ಅವರನ್ನ ಒಂದ ರಾತ್ರಿಯೊಳಗ ಓಡಿಸಿದ್ರಿ.
ಮೂರು ಪಾಲಿನಾಗ ಒಂದು ತಗೀರಿ, ಎರಡು ಇರಲಿ.
ಹೊಸ ನೀರಿಗೆ ಹಳೇ ನೀರ ಹೇಳಿ ಕೊಡಬೇಕು."

ನನಗ ನಗು ಬಂತು, ನಾಚಿಕಿನೂ.
ಇಪ್ಪತ್ತೆರಡು ವರ್ಷ ಅಚ್ಚು ಕೆಚ್ಚೂದ ನನ್ನ ಕೆಲಸ.
ಸೀರಿ ಮುಗದ್ರೂ ಹಳೇ ಹಾಸು ಪೂರಾ ಕೊಯ್ಯಾಂಗಿಲ್ಲ;
ಅಚ್ಚಿನ್ಯಾಗ ಗೇಣುದ್ದ ಬಿಟ್ಟು
ಬೂದಿ ಬಟ್ಟಿಲೆ ಎಳಿಗೆ ಎಳಿ ಹೊಸದು ಕೂಡಿಸಬೇಕು,
ಎರಡು ಸಾವಿರದ ನಾಕನೂರು ಎಳಿ.
ಮಗ್ಗದ ಮನಿಯಾಕಿಗೆ ಇದನ್ನ
ಮೀನಾ ಮಾರಾಂವ ಹೇಳಬೇಕಾತು.

"ತಿಂಗಳು ಬಿಟ್ಟು ಬರ್ರಿ" ಅಂದ,
ಒಂದು ಹಿಡಿ ತನ್ನ ಅಂಗಡಿ ಹಳ್ಳು ಚೀಲದಾಗ ಕಟ್ಟಿ ಕೊಟ್ಟು.
ತಿಂಗಳಿಡೀ ಬರೇ ನೀರಿಗೆ ಲೈಟು ಹಚ್ಚಿ
ಚಿಟಿಕಿ ಕಾಳು ಉದುರಿಸಿದ್ವಿ.
ಓಣಿ ಮಂದಿ ಬಂದು ನೋಡಿ,
ಏನೂ ಕೇಳದ ಹೋದ್ರು.

ಆರಿಸೂ ದಿನ ಬನಶ್ರೀ ಮೊದಲ ತೋರಿಸಿದ್ದು ಆಸ್ಕರು.
"ಇದು ನಿಮ್ಮ ಪೆಟ್ಟಿಗಿಗಿಂತ ಉದ್ದ ಆಗಬೇಕಂತೈತಿ."
ಫೈಟರು?
"ಒಬ್ಬನ ಇರಾಂವ. ಕನ್ನಡಿ ಕಂಡ್ರೂ ಜಗಳ."
ನಾನು ದಡಿ ಆರಿಸಿದಂಗ ಕೆಂಪು, ಕರಿ ಜೋಡಿ ಹುಡುಕಾಕತ್ತಿದ್ದೆ.
"ಬಣ್ಣ ಕಡೀಕ ನೋಡ್ರಿ,
ರೆಕ್ಕಿ ಬಿಚ್ಚಿದ್ದು ಯಾವುದು, ಕಾಳಿಗೆ ಓಡಿ ಬರೂದು ಯಾವುದು."
ಗಪ್ಪಿ, ಗಂಡು ಅಷ್ಟ. ಹೆಣ್ಣು ಒಯ್ದ್ರ
ಶ್ರಾವಣದೊಳಗ ಮನಿ ತುಂಬ ಮಕ್ಕಳು.

ಬನಶ್ರೀ ಎಂಟು ಕೇಳಿದಳು.
ಅಂವ ನಾಕ ಹಿಡದ.
"ನಾನೂ ಬೆಟಗೇರ್ಯಾವನ ಅಲ್ಲೇನವಾ,
ಹತ್ತು ದಿನದ ನೀರಿಗೆ ನಾಕು ಸಾಕು."

ಈಗ ಐತವಾರ ಪೈಪಿನ ತುದಿ ಬಾಯಾಗ ಹಿಡದು ಎಳೀತೀನಿ.
ಒಮ್ಮೊಮ್ಮೆ ಒಂದು ಗುಟುಕು ಒಳಗ ಬರತೈತಿ,
ಪಾಚಿ ರುಚಿ. ಉಗಳತೀನಿ.
ತಗದ ನೀರು ಕರಿಬೇವಿಗೆ.

ಹೋದ ಸಲ ನಳ ಹದಿನಾಕು ದಿನ ಬರಲಿಲ್ಲ.
ನೀಲಿ ಬಕೀಟಿನ್ಯಾಗ ಅರ್ಧ ಉಳದಿತ್ತು.
ಅತ್ತಿ ತಂಬಗಿ ಮುಳಗಿಸಿದ್ರು,
ನಾನು ಸುಮ್ಮನ ಕುಂತೆ, ಎಳಿ ಕೈಯಾಗ ಹಿಡಕೊಂಡು.
ಪೆಟ್ಟಿಗಿ ಕಡೆ ಹೋಗಿ
ಸೀರಿ ಸೆರಗಿನ ಮ್ಯಾಲಿಂದ ಸಣ್ಣಗ ಸುರುವಿದ್ರು,
ಮೀನಾ ಬೆದರಬಾರದಂತ.
"ಕಡಿಮಿ ಆಗಿತ್ತು" ಅಂದ್ರು.