ಇದ್ದದ್ದಲ್ಲ

ಮೂವತ್ತೊಂದು ವರ್ಷ ಗಾಜು ಒರೆಸಿದ ಕೈ ನನ್ನದು.
ಅದಕ್ಕೇ ಅವಮಾನವಾಯಿತು:
ನೀಲಿ ಲೇಸರ್ ಕೊಳವೆಯೊಳಗೆ ಹಾಯುತ್ತಲೇ
ಬೆಳ್ಳನೆ ಕಣ. ಒಂದು, ಏಳು, ಆಮೇಲೆ ಲೆಕ್ಕವಿಲ್ಲ.
‘ಧೂಳು ಉಳಿಸಿಬಿಟ್ಟೆ ಮೇಡಂ’ ಎಂದೆ.

ದೇಚಕ್ಕ ಮೇಡಂ ಕಪ್ಪು ಕನ್ನಡಕ ತೆಗೆಯಲಿಲ್ಲ.
‘ಧೂಳಲ್ಲ ಕುಂಞಪ್ಪಣ್ಣ. ಒಳಗಿರುವುದು ಸೀಸಿಯಂ ಆವಿ,
ಚೂರು ಹೈಡ್ರೋಜನ್. ತಮ್ಮ ಪಾಡಿಗೆ ಇದ್ದವು ಎರಡೂ.
ಬೆಳಕು ತಾಗಿ ಒಂದು ಕೆರಳಿತು, ಇನ್ನೊಂದನ್ನು ಹಿಡಿಯಿತು,
ಹಿಡಿದದ್ದು ಹಿಡಿದದ್ದಕ್ಕೆ ಅಂಟಿ ಹರಳಾಯಿತು.
ಹಿಮ ಅಂತಾರೆ ಇದಕ್ಕೆ.’

ಚಿಕ್ಕಳುವಾರದಲ್ಲಿ ಹಿಮ!
ಅದೂ ಮುಟ್ಟಿದರೆ ಬೊಬ್ಬೆ ಏಳುವ ಕೊಳವೆಯಲ್ಲಿ.

ಆನೆ ಕಾಯುವ ರಾತ್ರಿಗಳಲ್ಲಿ
ಮಂಜಿನೊಳಕ್ಕೆ ಟಾರ್ಚ್ ಬಿಟ್ಟವನು ನಾನು.
ಬೆಳಕು ಇದ್ದದ್ದನ್ನು ತೋರಿಸುತ್ತದೆ,
ಬೇಲಿ, ಬೈನೆ ಮರ, ಒಮ್ಮೆ ಬರೀ ದಂತ.
ಇಷ್ಟೇ ಗೊತ್ತಿತ್ತು.
ಇಲ್ಲದ್ದನ್ನು ಮಾಡುತ್ತದೆಂದು ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮೂರಲ್ಲವೇ.
ಕತ್ತಲಲ್ಲಿ ಬೀಳುತ್ತಿತ್ತೋ, ನಿಂತುಹೋಯಿತೋ,
ನೋಡಬೇಕೆಂದರೆ ಬೆಳಕು ಬೇಕು,
ಬೆಳಕು ಬಂದರೆ
ನಾನು ನೋಡಿದ್ದು ಹಳೆಯದೋ ಆಗಷ್ಟೇ ಹುಟ್ಟಿದ್ದೋ?

ಮೇಡಂ ಜನರೇಟರಿನತ್ತ ಓಡಿದರು.
ಟಾರ್ಚ್ ನನ್ನ ಜೇಬಿನಲ್ಲೇ ಇತ್ತು.
ಒತ್ತಲಿಲ್ಲ.