ನೂರಿಪ್ಪತ್ತು ಲೀಟರ್

ಝಾಬ್‌ಝೆ ಊರಿಗೆ ಸಮುದ್ರ ಐನೂರು ಕಿಲೋಮೀಟರ್ ದೂರ.
ಟ್ರಾಮ್ ಡಿಪೋ ಎದುರಿನ ಅಂಗಡಿಯಲ್ಲಿ
ನಾನದನ್ನು ಬಕೆಟ್ಟಿನಲ್ಲಿ ಮಾರುತ್ತೇನೆ, ಬಿಳಿ ಪುಡಿಯಾಗಿ,
ಲೀಟರಿಗೆ ಮೂವತ್ತೈದು ಗ್ರಾಮಿನ ಲೆಕ್ಕ.

ನವೆಂಬರಿನ ಒಂದು ಮಂಗಳವಾರ ಹೂಬೆರ್ತ್ ಕೊತ್ಸುರ್ ಬಂದ.
ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.
ರೆಪ್ಪೆಯಂಚಿಗೆ ಕಾಡಿಗೆ ತೀಡಿದಂತೆ ಕಲ್ಲಿದ್ದಲು.
ಗಣಿ ಬಿಟ್ಟು ಒಂಬತ್ತು ವರ್ಷವಾದರೂ
ಸೋಪಿಗೆ ಜಗ್ಗದ ಗೆರೆ.

ಹಕ್ಕಿಗೂಡಿನಷ್ಟು ಒಂದು ತೊಟ್ಟಿ ತೋರಿಸಿ
"ಇದೇ ಸಾಕು. ಮೂವತ್ತು ಲೀಟರ್. ಮೊದಲ ಸಲ ಅಲ್ಲವೇ,
ಚಿಕ್ಕದರಲ್ಲಿ ಕೈ ಪಳಗಲಿ" ಅಂದ.

ಎಲ್ಲರೂ ಹಾಗೇ ಅನ್ನುತ್ತಾರೆ,
ಚಿಕ್ಕ ಮಗುವನ್ನು ಸಾಕುವುದು ಸುಲಭ ಅನ್ನುವವರ ಹಾಗೆ.

ಹೇಳಿದೆ: ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ನೀರು.
ಹೀಟರ್ ಉರಿಯುವ ನಿಮ್ಮ ಕೋಣೆಯಲ್ಲಿ
ದಿನಕ್ಕೆ ಎರಡು ಲೋಟ ಆವಿಯಾಗಿ ಕಿಟಕಿಗೆ ಹತ್ತುತ್ತದೆ.
ದೊಡ್ಡ ತೊಟ್ಟಿಗೆ ಅದು ಗೊತ್ತೇ ಆಗದು.
ಇದರಲ್ಲಾದರೆ, ನೀವು ನಾಲ್ಕು ದಿನ ಮಗಳ ಮನೆಗೆ ಹೋಗಿ ಬರುವಷ್ಟರಲ್ಲಿ
ಉಪ್ಪಿನಕಾಯಿ ಭರಣಿ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ನೀರೇ ಉಪ್ಪು ತಿಂದು ಕೂತರೆ ಮೀನು ಏನು ಕುಡಿಯಬೇಕು?

ನೂರಿಪ್ಪತ್ತು ತೆಗೆದುಕೊಳ್ಳಿ.
ಹೆಚ್ಚು ನೀರಿಗೆ ಕೋಪ ನಿಧಾನ.
ಕೈತಪ್ಪಿ ಒಂದು ಚಿಟಿಕೆ ಆಹಾರ ಜಾಸ್ತಿ ಬಿದ್ದರೂ
ಮರುದಿನದವರೆಗೆ ಹೊಟ್ಟೆಗೆ ಹಾಕಿಕೊಂಡಿರುತ್ತದೆ.

ಅವನು ಅಳತೆಯ ಟೇಪು ತೆಗೆದ, ಕಿಸೆಯಲ್ಲೇ ಇತ್ತು.
ನಾಲ್ಕನೇ ಮಹಡಿ. ಗಣಿಯವರು ಕಟ್ಟಿಸಿದ ಮನೆ.
ಅದರಡಿಯ ನೆಲವನ್ನು ಅಗೆದವರೂ ಗಣಿಯವರೇ,
ಅಗೆದವರಲ್ಲಿ ಅವನೂ ಒಬ್ಬ;
ಈಗ ಗೋಲಿಯೊಂದು ಕೈಜಾರಿದರೆ
ತಾನೇ ಉರುಳಿ ಅಡುಗೆಮನೆ ಸೇರುತ್ತದಂತೆ.
ನೀರು, ಕಲ್ಲು, ಮರಳು, ಗಾಜು, ಪೀಠ:
ಇನ್ನೂರ ಹತ್ತು ಕಿಲೋ, ಟ್ರಾಮ್ ಟಿಕೀಟಿನ ಬೆನ್ನ ಮೇಲೆ ಕೂಡಿದ.
"ಮೂರು ತ್ರೂದಾ," ಅಂದ.
"ಎರಡೂವರೆ ಅಂದರೆ ಇವತ್ತು ನನಗೆ ಊಟವಿಲ್ಲ."

ಆಮೇಲೆ ದೀಪದ ಮಾತು.
ಅವನ ಕೈ ನೇರ ಹೋದದ್ದು ಎಲ್ಲಕ್ಕಿಂತ ದುಬಾರಿಯದರ ಮೇಲೆ.
"ಮೂವತ್ತೊಂದು ವರ್ಷ ಹಣೆಯ ಮೇಲೆ ಒಂದೇ ದೀಪ ಹೊತ್ತವನು ನಾನು.
ಬೆಳಕಿನಲ್ಲಿ ಈಗಲೂ ಜಿಪುಣತನವೇ?"

ದಿನಾ ಹೇಳುವುದನ್ನೇ ಹೇಳತೊಡಗಿದೆ:
ಹೊಸ ನೀರಿಗೆ ಅಷ್ಟು ಬೆಳಕು ಸುರಿದರೆ
ಮೊದಲ ಬೆಳೆ ಪಾಚಿ, ಕಂದು, ಆಮೇಲೆ ಹಸಿರು, ಕೂದಲಿನಂಥದ್ದು.
ಹವಳ ಸುಟ್ಟು ಬಿಳಿಚುತ್ತದೆ.
ಮೆದು ಹವಳಕ್ಕೆ ಸಾಧಾರಣ ದೀಪ ಸಾಕು,
ನೀಲಿ ಮುಂದೆ, ಬಿಳಿ ಹಿಂದೆ,
ಮೊದಲ ವಾರ ಕಾಲು ಭಾಗ, ದಿನಕ್ಕೆ ಆರೇ ಗಂಟೆ, ಆಮೇಲೆ ನಿಧಾನವಾಗಿ...

ಕೈಯೆತ್ತಿ ತಡೆದ.

"ಕೆಲಸಕ್ಕೆ ಸೇರಿದ ಎರಡನೇ ವರ್ಷ ಕೆಳಗೆ ಸಿಕ್ಕಿಕೊಂಡಿದ್ದೆ.
ಐದು ದಿನ. ಹಣೆದೀಪ ಎರಡನೇ ದಿನಕ್ಕೇ ಸತ್ತಿತು.
ಮೇಲೆ ತಂದವರು ಮೊದಲು ಮಾಡಿದ ಕೆಲಸ
ಕಣ್ಣಿಗೆ ಬಟ್ಟೆ ಕಟ್ಟಿದ್ದು.
ಹೊರಗೆ ಜೂನ್ ಬಿಸಿಲಂತೆ. ತ್ರೂದಾ ಬಂದಿದ್ದಳಂತೆ.
ನನಗೆ ಕಂಡದ್ದು ಬಟ್ಟೆಯ ನೇಯ್ಗೆ,
ಎಳೆಗೂ ಎಳೆಗೂ ನಡುವೆ ಒಂದಿಷ್ಟು ಕೆಂಪು.
ಆಸ್ಪತ್ರೆಯಲ್ಲಿ ದಿನಕ್ಕೊಂದು ಮಡಿಕೆ ಬಿಚ್ಚಿದರು."

ದುಬಾರಿ ದೀಪವನ್ನು ಸದ್ದಾಗದಂತೆ ಹಿಂದಕ್ಕಿಟ್ಟ.

ಫೆಬ್ರವರಿಯ ಒಂದು ಶನಿವಾರ ನಾನೇ ಹೋದೆ,
ನೀರಿನ ಪರೀಕ್ಷೆ ಒಂದು ನೆಪ.
ಪೀಠದ ಒಂದು ಬದಿಗೆ ತೆಳು ಹಲಗೆ ಕೊಟ್ಟು ಮಟ್ಟ ಮಾಡಿದ್ದ,
ಆ ಮನೆಯಲ್ಲಿ ಓರೆಯಿಲ್ಲದ್ದು ಅದೊಂದೇ ಗೆರೆ.
ಸಣ್ಣ ದೀಪ. ಅದರ ಕೆಳಗೆ ಹಳೇ ಸೊಳ್ಳೆಪರದೆ, ಮಡಿಸಿ ಮಡಿಸಿ,
ಅಂಚಿನಲ್ಲಿ ಪೆನ್ಸಿಲಿನ ತಾರೀಕುಗಳು.
ಒಳಗೆ ಕಲ್ಲು, ಎರಡು ಬಸವನಹುಳು,
ಕೋಟಿನ ಗುಂಡಿಯಗಲದ ಒಂದು ಹವಳ.
ಮೀನಿಲ್ಲ ಇನ್ನೂ.
"ಖಾಲಿ ನೀರಿಗೆ ಕರೆಂಟ್ ಬಿಲ್ಲು," ಎಂದಳು ತ್ರೂದಾ.
ಅವಳ ಕುರ್ಚಿಯೂ ತೊಟ್ಟಿಯ ಎದುರಿಗೇ ಇತ್ತು.

ಆರಕ್ಕೆ ದೀಪ ಬರೀ ನೀಲಿಗಿಳಿಯಿತು.
ಕೋಣೆಯ ಸ್ವಿಚ್ಚನ್ನು ಯಾರೂ ಒತ್ತಲಿಲ್ಲ.
ಹವಳ ಒಂದು ಬೆರಳು ಹೊರಗಿಟ್ಟಿತು,
ಎಳೆದುಕೊಂಡಿತು,
ಮತ್ತೆ ಇಟ್ಟಿತು.

ಹೂಬೆರ್ತ್ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ.
"ನಾಳೆ ಭಾನುವಾರ."
"ಒಂದೇ ಮಡಿಕೆ," ಅಂದಳು ತ್ರೂದಾ.