ಒತ್ತೊತ್ತು ಗೆರೆಗಳು

ಮೇ ತಿಂಗಳ ರಾತ್ರಿ, ಕಲಬುರಗಿಯ ಮಾಳಿಗೆ.
ಎರಡು ಕೊಡ ನೀರು ಚೆಲ್ಲಿದರೂ ಫರಸಿ ತಣಿಯಲಿಲ್ಲ.
ಅದರ ಮೇಲೇ ನಕ್ಷೆ ಹಾಸಿದೆವು;
ಗಾಳಿ ಇಲ್ಲದಿದ್ದರೂ ನಾಲ್ಕು ಮೂಲೆಗೆ
ರೂಢಿಯಂತೆ ನಾಲ್ಕು ಕಲ್ಲು.

ಮೂವತ್ತೊಂದು ವರ್ಷ ಸರ್ವೆ ಆಫೀಸಿನಲ್ಲಿದ್ದು
ಸರಪಳಿ ಎಳೆಸಿದವಳು ನಾನು.
ಜೇವರ್ಗಿ, ಚಿತ್ತಾಪುರದ ಎರೆಹೊಲಗಳಲ್ಲಿ
ಎತ್ತರದ ಒಂದು ಗೆರೆಯಿಂದ ಇನ್ನೊಂದಕ್ಕೆ
ಬುತ್ತಿ ಕಟ್ಟಿಕೊಂಡು ನಡೆಯಬೇಕು.
ಈ ಕಾಗದದಲ್ಲಿ ಗೆರೆಗಳು
ಸಂತೆ ದಿನದ ಬಸ್ಸಿನಲ್ಲಿ ನಿಂತವರ ಹಾಗೆ;
ನಡುವೆ ಪೆನ್ಸಿಲ್ ಮೊನೆ ತೂರುವುದಿಲ್ಲ.

"ಇದೇನ್ರೀ ಬಾಯಾರ, ಹೆಬ್ಬೆಟ್ಟ ಒತ್ತಿದಂಗದ"
ಎಂದ ರುಕ್ಮೋದ್ದೀನ್, ಟಾರ್ಚ್ ಹಿಡಿದು.
ಹೌದು. ಯಾರದೋ ಹೆಬ್ಬೆಟ್ಟು,
ಯಾವ ಪತ್ರಕ್ಕೆ ಒತ್ತಿದ್ದೋ.

ಹಳ್ಳಿ ಅದರಲ್ಲೊಂದು ಚುಕ್ಕೆ.
ಹದಿನಾಲ್ಕು ಮನೆ, ಮೂರು ದಿನಕ್ಕೊಮ್ಮೆ
ಬಂದರೆ ಬರುವ ಜೀಪು.
ಯಾಂಗ್‌ಚೆನ್ ಎಂಬಾಕೆಯ ಅಟ್ಟ ನಮಗೆ ಬಾಡಿಗೆ.
ಅಲ್ಲಿಂದ ಮೇಲೆ, ಕುರಿಗಳು ಮಾತ್ರ ಬಲ್ಲ
ಬೆಟ್ಟದ ಕೊರಳು.

ಪಟ್ಟಿ ಬರೆದೆವು.
ಅಷ್ಟು ಮೇಲೆ ನೀರು ಬೇಗ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ.
ತೊಗರಿಯ ಊರಿನವರಿಗೆ ಇದು ಅವಮಾನ.
ಕುಕ್ಕರ್ ಹೊರುವುದೇ? ಮೂರು ಕಿಲೋ.
ಗುರುಬಾಯಿ ನಕ್ಕಳು: "ಕಟಕ ರೊಟ್ಟಿ ಒಯ್ಯಮು.
ತಿಂಗಳಾದ್ರೂ ಕೆಡಂಗಿಲ್ಲ, ಬೆಂಕಿ ಬೇಡಂಗಿಲ್ಲ."
ತೊಂಬತ್ತು ರೊಟ್ಟಿ, ಅಗಸಿ ಹಿಂಡಿ, ಪುಠಾಣಿ ಹಿಟ್ಟು.
ದಾರಿಯಲ್ಲಿ ಮುರಿದರೆ? ಮುರಿದೇ ತಿನ್ನುವುದಲ್ಲವೇ.
ಬಸ್ ಡಿಪೋದ ಅಂಬಾರಾಯ ಸ್ಟೋ ಬಿಚ್ಚಿ ಜೋಡಿಸಿದ;
ಒಂದು ಸ್ಕ್ರೂ ಹೊರಗೇ ಉಳಿಯಿತು.

ಚಳಿಯ ಅಭ್ಯಾಸಕ್ಕೆ ಈ ಊರಲ್ಲಿ ಎಲ್ಲಿಗೆ ಹೋಗುವುದು?
ರುಕ್ಮೋದ್ದೀನನ ಮಾವ ಕೋಲ್ಡ್ ಸ್ಟೋರೇಜಿನ ವಾಚ್‌ಮನ್.
ಒಂದಿಡೀ ರಾತ್ರಿ ಕಪನೂರಿನ ಆ ಗೋದಾಮಿನಲ್ಲಿ
ಹುಣಸೆ ಮೂಟೆಗಳ ಸಾಲಿನ ನಡುವೆ
ಹೊಸ ನಿದ್ದೆಚೀಲಗಳಲ್ಲಿ ನಾವು ನಾಲ್ವರು.
ನಾಲ್ಕು ಡಿಗ್ರಿ. ಮೋಟಾರಿನ ಗುಂಯ್. ಬಾಯಲ್ಲಿ ಸುಮ್ಮನೆ ನೀರು.
ನಸುಕಿಗೆ ಜಿಪ್ಪು ಹುಡುಕಿದ ಬೆರಳು ನನ್ನದಾಗಿರಲಿಲ್ಲ.
ಬಾಗಿಲು ತೆಗೆದ ಮಾವ ಒಬ್ಬೊಬ್ಬರನ್ನೇ ನೋಡಿ ಅಂದ:
"ಮಾಲು ಚಲೋ ಉಳದದ."

ಚಳಿಯೇನೋ ಸಿಕ್ಕಿತು. ಗಾಳಿ ತೆಳುವಾಗುವುದನ್ನು
ಎಲ್ಲಿ ಕಲಿಯುವುದು? ಯಾದಗಿರಿ ಕೋಟೆ ಹತ್ತಿದೆವು,
ಬೆನ್ನಿಗೆ ಹತ್ತು ಕಿಲೋ ಜೋಳ, ಆರು ಐತವಾರ.
ತುದಿಯಲ್ಲೂ ಗಾಳಿ ಅಷ್ಟೇ ದಪ್ಪ, ಅಷ್ಟೇ ಬಿಸಿ.
ಏಳನೆಯ ಐತವಾರ, ಅರ್ಧ ಮೆಟ್ಟಿಲಲ್ಲಿ,
ಎದೆಯೊಳಗೆ ಯಾರೋ ಸರಪಳಿ ಎಳೆದರು.
ಕೂತೆ. ಹೇಳಲಿಲ್ಲ. ಚೀಲದ ಜೋಳವನ್ನು
ಪಾರಿವಾಳಗಳಿಗೆ ಸುರಿದೆ.

ಯೋಜನೆಯಲ್ಲಿ ನನಗೆ ಇಷ್ಟ ಮೂರನೆಯ ದಿನ:
'ಏನೂ ಮಾಡಬಾರದು' ಎಂದು ನಾನೇ ಬರೆದದ್ದು.
ಯಾಂಗ್‌ಚೆನ್‌ಳ ಅಂಗಳದಲ್ಲಿ ಕೂತು ರಕ್ತಕ್ಕೆ ಎತ್ತರ ಕಲಿಸುವುದು.
ನಾಲ್ಕನೆಯ ದಿನ ಮೇಲೆ ಹತ್ತಿ, ಮಲಗಲು ಕೆಳಗಿಳಿಯುವುದು.
ಇಳಿಯುವುದೂ ಕೆಲಸದ ಭಾಗವೆಂದು
ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಫೋನು ಹತ್ತಿತು.
ಯಾಂಗ್‌ಚೆನ್, ಅವಳ ಹಿಂದಿ, ಅರ್ಧ ಮಾತು ಗಾಳಿ:
ಮೇಲೆ ಹಿಮ ಇನ್ನೂ ಸೊಂಟಮಟ್ಟ, ಹದಿನೈದು ದಿನ ತಡೆದು ಬನ್ನಿ.
ನಿಮ್ಮಲ್ಲಿ ಹೇಗೆ?
ನಲವತ್ತಮೂರು, ಅಂದೆ.
ಆಕೆ ಸುಮ್ಮನಾದಳು. ಆಮೇಲೆ ನಿಜವಾದ ಮರುಕದಿಂದ:
"ಅಷ್ಟರಲ್ಲಿ ಉಸಿರಾಡುವುದು ಹೇಗೆ ದೀದಿ?
ನಿಮ್ಮೂರಿಗೆ ಬರಲು ಎಷ್ಟು ದಿನ ಅಭ್ಯಾಸ ಬೇಕು?"

ಬಟಾಣಿ ಹೊಲದ ಬದುವಿನಲ್ಲಿ ಆಕೆಗೆ
ಕಲ್ಲಾದ ಶಂಖ ಸಿಗುತ್ತವಂತೆ.
ನಾನು ಅಂಗೈಯಿಂದ ಫರಸಿ ಸವರಿದೆ.
ಶಹಾಬಾದಿನ ಗಣಿಯ ಈ ಹಾಸಿನಲ್ಲೂ ಅಲೆಯ ಏರಿಳಿವು,
ಯಾವ ನಕ್ಷೆಗೂ ಸಿಗದಷ್ಟು.
ಎರಡೂ ಕಡೆಯಿಂದ ನೀರು ಎದ್ದು ಹೋಗಿದೆ.
ಒಂದು ನೆಲ ಮೇಲೆದ್ದಿತು. ಒಂದು ಇಲ್ಲೇ ಮಲಗಿತು.

"ಎಷ್ಟು ಹಾಸಿಗೆ ಹಾಕಲಿ ದೀದಿ?"

ರುಕ್ಮೋದ್ದೀನನ ಟಾರ್ಚು ನನ್ನ ಮುಖಕ್ಕೆ ತಿರುಗಿತು.
ಗುರುಬಾಯಿ ಪಟ್ಟಿ ಓದುವುದನ್ನು ನಿಲ್ಲಿಸಿದಳು.
ಕೈಗೊಂದು ಕೆಲಸ ಬೇಕಾಗಿ
ಮೂಲೆಯ ಕಲ್ಲೊಂದನ್ನು ಎತ್ತಿಕೊಂಡೆ.
ಗಾಳಿಯೇ ಇಲ್ಲದ ರಾತ್ರಿ,
ಕಾಗದದ ಆ ಮೂಲೆ
ತಾನಾಗಿ ಮೇಲೆದ್ದಿತು.